ಓದುಗರ ಪ್ರಶ್ನೆಗೆ ಉತ್ತರ: ವಿಮಾನ ಹೊತ್ತ ಹಡಗುಗಳು

ಸಮುದ್ರಯುದ್ಧದ ಬಗ್ಗೆ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ವಿಮಾನವಾಹಕ ನೌಕೆಗಳ ಕುರಿತೇ ಇದ್ದವು. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ವಿಮಾನ ನಿಲ್ದಾಣದ ರನ್‌ವೇ ಎರಡು ಮೂರು ಕಿಲೋಮೀಟರ್ ಉದ್ದವಿರುತ್ತದೆ. ಮುನ್ನೂರು ಮೀಟರಿನ ಆಸುಪಾಸಿನ ಹಡಗಿನ ಮೇಲೆ ಯುದ್ಧವಿಮಾನ ಏರುವುದು, ಇಳಿಯುವುದು ಹೇಗೆ ಸಾಧ್ಯ?

ಉತ್ತರ: ವಿಮಾನ ಮೇಲೇಳಬೇಕಾದರೆ ಅದರ ರೆಕ್ಕೆಗಳ ಮೇಲೆ ಸಾಕಷ್ಟು ವೇಗವಾಗಿ ಗಾಳಿ ಹಾಯಬೇಕು. ನೆಲದ ಮೇಲೆ ಆ ವೇಗವನ್ನು ವಿಮಾನವೇ ಓಡಿ ಸಂಪಾದಿಸಬೇಕಾದ್ದರಿಂದ ಅಷ್ಟುದ್ದದ ರನ್‌ವೇ ಬೇಕಾಗುತ್ತದೆ. ಸಮುದ್ರದಲ್ಲಾದರೆ ನಿಲ್ದಾಣವೇ ಓಡುತ್ತದೆ. ವಿಮಾನಗಳನ್ನು ಕಳುಹಿಸುವ ಹೊತ್ತಿಗೆ ನೌಕೆಯು ಗಾಳಿಗೆ ಎದುರಾಗಿ ತಿರುಗಿ 25ರಿಂದ 30 ನಾಟ್, ಅಂದರೆ ಗಂಟೆಗೆ 45ರಿಂದ 55 ಕಿಲೋಮೀಟರ್ ವೇಗದಲ್ಲಿ ಸಾಗುತ್ತದೆ. ಬೀಸುವ ಗಾಳಿಯ ವೇಗವೂ ಹಡಗಿನ ವೇಗವೂ ಕೂಡಿ, ವಿಮಾನ ಇನ್ನೂ ಕದಲದೆ ನಿಂತಿರುವಾಗಲೇ ಅದರ ರೆಕ್ಕೆಗೆ ಒಂದು ಪಾಲು ಗಾಳಿ ಸಿಕ್ಕಿರುತ್ತದೆ. ಉಳಿದ ಪಾಲನ್ನು ಅಮೆರಿಕ ಮತ್ತು ಫ್ರಾನ್ಸ್‌ನ ನೌಕೆಗಳಲ್ಲಿ ಕ್ಯಾಟಪುಲ್ಟ್ ಒದಗಿಸುತ್ತದೆ. ಕವಣೆಯಿಂದ ಕಲ್ಲು ಬೀರಿದಂತೆ ಅದು ಹತ್ತಾರು ಟನ್ ತೂಕದ ವಿಮಾನವನ್ನು ನೂರು ಮೀಟರಿಗೂ ಕಡಿಮೆ ದೂರದಲ್ಲಿ, ಎರಡು ಮೂರು ಸೆಕೆಂಡುಗಳಲ್ಲಿ, ಗಂಟೆಗೆ 250 ಕಿಲೋಮೀಟರಿಗೂ ಮಿಕ್ಕಿದ ವೇಗಕ್ಕೆ ಎಸೆಯುತ್ತದೆ. ಬಹುಕಾಲ ಈ ಕವಣೆ ಉಗಿಯಿಂದ ನಡೆಯುತ್ತಿತ್ತು. 2017ರಲ್ಲಿ ಸೇವೆಗೆ ಸೇರಿದ ಅಮೆರಿಕದ ಜೆರಾಲ್ಡ್ ಆರ್. ಫೋರ್ಡ್ ನೌಕೆಯಲ್ಲಿ ವಿದ್ಯುತ್ಕಾಂತದಿಂದ ನಡೆಯುತ್ತದೆ. ಭಾರತದ ವಿಕ್ರಮಾದಿತ್ಯ ಮತ್ತು ಹೊಸ ವಿಕ್ರಾಂತ್ ನೌಕೆಗಳಲ್ಲಿ ಕವಣೆ ಇಲ್ಲ. ಡೆಕ್ಕಿನ ಮುಂತುದಿಯನ್ನು ಮೇಲಕ್ಕೆ ಬಾಗಿಸಿ ಕಟ್ಟಿರುವುದರಿಂದ ವಿಮಾನವು ಅಲ್ಲಿಂದ ಮೇಲ್ಮುಖವಾಗಿ ಚಿಮ್ಮುತ್ತದೆ. ಇದು ಸರಳವೂ ಕೆಡದಂಥದ್ದೂ ಆದ ವ್ಯವಸ್ಥೆ ನಿಜ, ಆದರೆ ಇಂಧನವನ್ನೂ ಶಸ್ತ್ರಗಳನ್ನೂ ತುಂಬುಭಾರ ಹೊತ್ತು ಏರುವುದು ಇದರಲ್ಲಿ ಕಷ್ಟ.

ಇಳಿಯುವುದು ಏರುವುದಕ್ಕಿಂತ ಕಠಿಣ. ವಿಮಾನದ ಬಾಲದಡಿಯಲ್ಲಿ ಒಂದು ಕೊಕ್ಕೆ ಇಳಿಬಿದ್ದಿರುತ್ತದೆ. ಡೆಕ್ಕಿಗೆ ಅಡ್ಡಲಾಗಿ ಮೂರು ಅಥವಾ ನಾಲ್ಕು ಉಕ್ಕಿನ ಹಗ್ಗಗಳನ್ನು ಬಿಗಿದಿರುತ್ತಾರೆ. ಕೊಕ್ಕೆ ಅವುಗಳಲ್ಲೊಂದಕ್ಕೆ ಸಿಕ್ಕಿಕೊಂಡರೆ ವಿಮಾನ ನೂರು ಮೀಟರಿನೊಳಗೆ ನಿಲ್ಲುತ್ತದೆ. ಇಲ್ಲೊಂದು ವಿಚಿತ್ರವಿದೆ. ಚಕ್ರಗಳು ಡೆಕ್ಕಿಗೆ ತಾಗಿದ ಕ್ಷಣವೇ ಪೈಲಟ್ ಎಂಜಿನನ್ನು ತಗ್ಗಿಸುವ ಬದಲು ಪೂರ್ಣ ಶಕ್ತಿಗೆ ಏರಿಸುತ್ತಾರೆ. ಕೊಕ್ಕೆ ಹಗ್ಗವನ್ನು ತಪ್ಪಿಸಿಕೊಂಡಿದ್ದರೆ, ಅದು ಅರಿವಿಗೆ ಬಂದ ಮೇಲೆ ವೇಗ ಹೆಚ್ಚಿಸಲು ಸಮಯವಿರುವುದಿಲ್ಲ. ಹಾಗಾಗಿ ತಪ್ಪಿದೆ ಎಂದೇ ಭಾವಿಸಿ ಪ್ರತಿ ಸಲವೂ ಇಳಿಯಬೇಕು.

ಈ ಕೊಕ್ಕೆ ಮತ್ತು ಹಗ್ಗದ ಉಪಾಯ ಬಹಳ ಹಳೆಯದು. 1911ರ ಜನವರಿಯಲ್ಲಿ ಯೂಜೀನ್ ಈಲಿ ಎಂಬ ಅಮೆರಿಕದ ವೈಮಾನಿಕರು ಲಂಗರು ಹಾಕಿದ್ದ ಪೆನ್ಸಿಲ್ವೇನಿಯಾ ಹಡಗಿನ ಮೇಲೆ ಇಳಿದಾಗ, ಮರದ ಹಲಗೆಯ ಮೇಲೆ ಅಡ್ಡಲಾಗಿ ಎಳೆದ ಹಗ್ಗಗಳ ಎರಡೂ ತುದಿಗೆ ಮರಳಿನ ಚೀಲಗಳನ್ನು ಕಟ್ಟಿದ್ದರು. ಚಲಿಸುವ ಹಡಗಿನ ಮೇಲೆ ಮೊದಲು ಇಳಿದವರು ಬ್ರಿಟನ್ನಿನ ಎಡ್ವಿನ್ ಡನ್ನಿಂಗ್. 1917ರ ಆಗಸ್ಟ್ 2ರಂದು ಅವರ ಹಗುರ ವಿಮಾನ ಫ್ಯೂರಿಯಸ್ ನೌಕೆಯ ಡೆಕ್ಕಿಗೆ ಬರುತ್ತಿದ್ದಂತೆ ಸಹೋದ್ಯೋಗಿಗಳು ಓಡಿಹೋಗಿ, ಅದಕ್ಕೆ ಕಟ್ಟಿದ್ದ ಪಟ್ಟಿಗಳನ್ನು ಕೈಯಿಂದಲೇ ಹಿಡಿದು ಜಗ್ಗಿ ನಿಲ್ಲಿಸಿದರು. ಐದು ದಿನಗಳ ಬಳಿಕ ಮತ್ತೊಮ್ಮೆ ಪ್ರಯತ್ನಿಸಿದಾಗ ವಿಮಾನ ಅಂಚಿನಿಂದ ಸಮುದ್ರಕ್ಕೆ ಉರುಳಿ ಡನ್ನಿಂಗ್ ತೀರಿಕೊಂಡರು.

ಪ್ರಶ್ನೆ: ಒಂದು ಕಾಲದಲ್ಲಿ ಸಮುದ್ರವನ್ನಾಳಿದ ಭಾರಿ ಫಿರಂಗಿಗಳ ಬ್ಯಾಟಲ್‌ಶಿಪ್‌ಗಳು ಇಂದು ಏಕೆ ಯಾವ ದೇಶದ ಬಳಿಯೂ ಇಲ್ಲ?

ಉತ್ತರ: ಫಿರಂಗಿ ಎಷ್ಟೇ ದೊಡ್ಡದಾಗಿದ್ದರೂ ಅದರ ಗುಂಡು ಹೋಗುವ ದೂರಕ್ಕೆ ಮಿತಿಯಿದೆ. ಜಪಾನಿನ ಯಮಾಟೋ ನೌಕೆಯ 46 ಸೆಂಟಿಮೀಟರ್ ಬಾಯಿಯ ಫಿರಂಗಿಗಳು, ಹಡಗಿನ ಮೇಲೆ ಕೂರಿಸಿದ ಫಿರಂಗಿಗಳಲ್ಲೇ ಅತಿ ದೊಡ್ಡವು, ಸುಮಾರು 42 ಕಿಲೋಮೀಟರ್ ದೂರಕ್ಕೆ ಹೊಡೆಯಬಲ್ಲವಾಗಿದ್ದವು. ಅದೇ ಕಾಲದ ವಿಮಾನವಾಹಕ ನೌಕೆ ಮುನ್ನೂರು ಕಿಲೋಮೀಟರ್ ಆಚೆಯಿಂದ ಹೊಡೆಯುತ್ತಿತ್ತು. ಹೊಡೆಯುವ ದೂರಕ್ಕೆ ತಲುಪುವ ಮೊದಲೇ ಹೊಡೆಸಿಕೊಳ್ಳುವ ಹಡಗಿಗೆ ಎಷ್ಟು ದಪ್ಪ ಉಕ್ಕಿನ ಹೊದಿಕೆ ಇದ್ದರೇನು?

ಇದು ಒಂದೇ ದಿನದಲ್ಲಿ ತಿಳಿದ ಸಂಗತಿಯಲ್ಲ. 1940ರ ನವೆಂಬರ್ 11ರ ರಾತ್ರಿ ಬ್ರಿಟನ್ನಿನ ಇಲಸ್ಟ್ರಿಯಸ್ ನೌಕೆಯಿಂದ ಹೊರಟ 21 ಸ್ವೋರ್ಡ್‌ಫಿಶ್ ವಿಮಾನಗಳು ಇಟಲಿಯ ಟರಾಂಟೋ ಬಂದರಿನಲ್ಲಿ ನಿಂತಿದ್ದ ಮೂರು ಬ್ಯಾಟಲ್‌ಶಿಪ್‌ಗಳಿಗೆ ಟಾರ್ಪಿಡೊ ಹೊಡೆದವು. ಬಟ್ಟೆ ಹೊದಿಸಿದ ಎರಡಂತಸ್ತಿನ ರೆಕ್ಕೆಯ ಆ ವಿಮಾನಗಳು ಆ ಹೊತ್ತಿಗಾಗಲೇ ಹಳೆಯ ಮಾದರಿ ಎನಿಸಿಕೊಂಡಿದ್ದವು. ಬ್ರಿಟನ್ ಕಳೆದುಕೊಂಡದ್ದು ಎರಡನ್ನು ಮಾತ್ರ. ಮುಂದಿನ ವರ್ಷದ ಮೇ ತಿಂಗಳಲ್ಲಿ ಅದೇ ಬಗೆಯ ವಿಮಾನವೊಂದರ ಟಾರ್ಪಿಡೊ ಜರ್ಮನಿಯ ಬಿಸ್ಮಾರ್ಕ್ ನೌಕೆಯ ಚುಕ್ಕಾಣಿಯನ್ನು ಜಖಂಗೊಳಿಸಿದ್ದರಿಂದಲೇ ಅದು ಬ್ರಿಟಿಷ್ ಹಡಗುಗಳ ಕೈಗೆ ಸಿಕ್ಕಿತು. 1941ರ ಡಿಸೆಂಬರ್ 7ರಂದು ಜಪಾನಿನ ಆರು ವಿಮಾನವಾಹಕ ನೌಕೆಗಳಿಂದ ಬಂದ ಸುಮಾರು 350 ವಿಮಾನಗಳು ಪರ್ಲ್ ಹಾರ್ಬರ್ ಮೇಲೆ ಎರಗಿದವು. ಆ ದಿನ ಅಮೆರಿಕದ ಒಂದು ವಿಮಾನವಾಹಕ ನೌಕೆಯೂ ಬಂದರಿನಲ್ಲಿರಲಿಲ್ಲ. ಬ್ಯಾಟಲ್‌ಶಿಪ್‌ಗಳನ್ನು ಕಳೆದುಕೊಂಡ ಅಮೆರಿಕದ ನೌಕಾಪಡೆ ಇರುವ ವಿಮಾನವಾಹಕಗಳಿಂದಲೇ ಹೋರಾಡಬೇಕಾಯಿತು. ಯಮಾಟೋ ಕೂಡ 1945ರ ಏಪ್ರಿಲ್ 7ರಂದು ಮುಳುಗಿದ್ದು ವಿಮಾನಗಳ ದಾಳಿಗೆ. ಶತ್ರುವಿನ ಬ್ಯಾಟಲ್‌ಶಿಪ್ ಒಂದು ಅದರ ಕಣ್ಣಿಗೂ ಬಿದ್ದಿರಲಿಲ್ಲ.

ಪ್ರಶ್ನೆ: ಮಿಡ್‌ವೇ ಕದನವನ್ನು ಅಮೆರಿಕ ಐದು ನಿಮಿಷಗಳ ಅದೃಷ್ಟದಿಂದ ಗೆದ್ದಿತು ಎಂದು ಓದಿದ್ದೇನೆ. ಅಷ್ಟು ದೊಡ್ಡ ಕದನ ನಿಜಕ್ಕೂ ಅದೃಷ್ಟದ ಮೇಲೆ ನಿಂತಿತ್ತೇ?

ಉತ್ತರ: 1942ರ ಜೂನ್‌ನಲ್ಲಿ ಶಾಂತಸಾಗರದಲ್ಲಿ ಜಪಾನಿನ ವಿರುದ್ಧ ನಡೆದ ಈ ಕದನದಲ್ಲಿ ಅದೃಷ್ಟದ ಪಾಲು ಇತ್ತು, ಅದನ್ನು ಅಲ್ಲಗಳೆಯಲಾಗದು. ಆದರೆ ಆ ಐದು ನಿಮಿಷಗಳಿಗೆ ಮುಂಚಿನ ಐದು ವಾರಗಳನ್ನು ನೋಡದೆ ಮಾತಾಡಿದರೆ ವಿಷಯ ಅರ್ಥವಾಗುವುದಿಲ್ಲ.

ಮೊದಲನೆಯದು ಗೂಢಲಿಪಿಯ ಮಾತು. ಜಪಾನಿನ ನೌಕಾಪಡೆಯ ಸಂಕೇತಭಾಷೆಯನ್ನು ಅಮೆರಿಕದವರು ಒಂದಷ್ಟು ಬಿಡಿಸಿದ್ದರು. ದೊಡ್ಡ ದಾಳಿಯೊಂದು ಬರಲಿದೆ, ಅದರ ಗುರಿಗೆ 'ಎಎಫ್' ಎಂಬ ಸಂಕೇತವಿದೆ ಎಂಬುದು ಗೊತ್ತಾಗಿತ್ತು. ಎಎಫ್ ಎಂದರೆ ಮಿಡ್‌ವೇ ದ್ವೀಪವೇ ಇರಬೇಕೆಂಬ ಊಹೆಯನ್ನು ಖಚಿತಪಡಿಸಿಕೊಳ್ಳಲು ಒಂದು ಹೂಟ ಹೂಡಿದರು. ನಮ್ಮಲ್ಲಿ ಕುಡಿಯುವ ನೀರಿನ ಯಂತ್ರ ಕೆಟ್ಟಿದೆ ಎಂದು ಸಂಕೇತವಿಲ್ಲದ ತೆರೆದ ಭಾಷೆಯಲ್ಲಿ ರೇಡಿಯೊ ಮೂಲಕ ತಿಳಿಸುವಂತೆ ಮಿಡ್‌ವೇಗೆ ಸೂಚನೆ ಹೋಯಿತು. ಆ ಸೂಚನೆಯನ್ನು ಮಾತ್ರ ಸಮುದ್ರದಡಿಯ ತಂತಿಯ ಮೂಲಕ ಗುಟ್ಟಾಗಿ ಕಳುಹಿಸಲಾಗಿತ್ತು. ಸ್ವಲ್ಪವೇ ಸಮಯದಲ್ಲಿ ಜಪಾನಿನ ಸಂದೇಶವೊಂದರಲ್ಲಿ, ಎಎಫ್‌ನಲ್ಲಿ ನೀರಿಗೆ ಕೊರತೆಯಿದೆ ಎಂಬ ಮಾತು ಕಾಣಿಸಿತು. ಹೀಗಾಗಿ ಶಾಂತಸಾಗರದಲ್ಲಿ ಅಮೆರಿಕದ ನೌಕಾಪಡೆಯ ಮುಖ್ಯಸ್ಥರಾಗಿದ್ದ ಅಡ್ಮಿರಲ್ ನಿಮಿಟ್ಜ್ ತಮ್ಮ ನೌಕೆಗಳನ್ನು ಮಿಡ್‌ವೇಯ ಈಶಾನ್ಯಕ್ಕೆ ಕಳುಹಿಸಿ ಹೊಂಚು ಹಾಕಿಸುವುದು ಸಾಧ್ಯವಾಯಿತು.

ಎರಡನೆಯದು ದುರಸ್ತಿಯ ಕೆಲಸ. 1942ರ ಮೇ 4ರಿಂದ 8ರವರೆಗೆ ನಡೆದ ಕೋರಲ್ ಸಮುದ್ರದ ಕದನದಲ್ಲಿ, ಎರಡೂ ಕಡೆಯ ಹಡಗುಗಳು ಪರಸ್ಪರ ಕಣ್ಣಿಗೆ ಬೀಳದೆಯೇ ಹೋರಾಡಿದ ಇತಿಹಾಸದ ಮೊದಲ ಕದನ ಅದು, ಅಮೆರಿಕದ ಯಾರ್ಕ್‌ಟೌನ್ ನೌಕೆಗೆ ಬಾಂಬ್ ಬಿದ್ದು ಒಳಭಾಗ ಹರಿದುಹೋಗಿತ್ತು. ಮೂರು ತಿಂಗಳು ಬೇಕೆಂದು ಅಂದಾಜು ಮಾಡಿದ್ದ ಕೆಲಸವನ್ನು ಪರ್ಲ್ ಹಾರ್ಬರ್‌ನ ಕೆಲಸಗಾರರು ಮೂರು ದಿನಗಳಲ್ಲಿ, ಹಡಗು ಹೋರಾಡಲು ಸಾಕಾಗುವಷ್ಟರ ಮಟ್ಟಿಗೆ, ಮುಗಿಸಿದರು. ಅದೇ ಕದನದಲ್ಲಿ ವಿಮಾನಗಳನ್ನು ಕಳೆದುಕೊಂಡಿದ್ದ ಜಪಾನಿನ ಜುಯಿಕಾಕು ನೌಕೆಗೆ ಪೆಟ್ಟೇ ಬಿದ್ದಿರಲಿಲ್ಲ. ಆದರೂ ಬೇರೆ ನೌಕೆಯ ವೈಮಾನಿಕರನ್ನು ಅದಕ್ಕೆ ಹತ್ತಿಸುವ ಪದ್ಧತಿ ಜಪಾನಿನಲ್ಲಿ ಇಲ್ಲದ್ದರಿಂದ ಅದು ಮಿಡ್‌ವೇಗೆ ಬರಲಿಲ್ಲ. ನನ್ನ ಮಟ್ಟಿಗೆ ಕದನ ಅರ್ಧ ತೀರ್ಮಾನವಾದದ್ದು ಇಲ್ಲೇ.

ಇನ್ನು ಜೂನ್ 4ರ ಬೆಳಗ್ಗೆ. ಜಪಾನಿನ ಅಡ್ಮಿರಲ್ ನಗುಮೊ ಅವರ ಬಳಿ ಅಕಾಗಿ, ಕಾಗಾ, ಸೊರ್ಯು, ಹಿರ್ಯು ಎಂಬ ನಾಲ್ಕು ನೌಕೆಗಳಿದ್ದವು. ಅರ್ಧದಷ್ಟು ವಿಮಾನಗಳು ದ್ವೀಪದ ಮೇಲೆ ದಾಳಿಗೆ ಹೋಗಿದ್ದವು. ಉಳಿದವು ಶತ್ರು ಹಡಗು ಕಂಡರೆ ಇರಲಿ ಎಂದು ಟಾರ್ಪಿಡೊ ಹೊತ್ತು ಕಾದಿದ್ದವು. ದ್ವೀಪಕ್ಕೆ ಇನ್ನೊಂದು ದಾಳಿ ಬೇಕೆಂಬ ಸಂದೇಶ ಬಂದಾಗ, ಟಾರ್ಪಿಡೊ ಬಿಚ್ಚಿ ಬಾಂಬ್ ಕಟ್ಟಿ ಎಂದು ಅವರು ಆಜ್ಞೆ ಮಾಡಿದರು. ಕೆಲಸ ಅರ್ಧಕ್ಕೆ ಬಂದಿರುವಾಗ ಶತ್ರು ಹಡಗುಗಳು ಕಂಡಿವೆ ಎಂದು ಬೇಹು ವಿಮಾನ ತಿಳಿಸಿತು, ಮತ್ತೆ ಟಾರ್ಪಿಡೊ ಕಟ್ಟಿ ಎಂದಾಯಿತು. ಅಷ್ಟರಲ್ಲಿ ದ್ವೀಪಕ್ಕೆ ಹೋಗಿದ್ದ ವಿಮಾನಗಳು ಇಂಧನ ತೀರುತ್ತ ಹಿಂದಿರುಗಿ ಇಳಿಯಲು ಕಾದಿದ್ದವು. ಅಂದಿನ ನೇರ ಡೆಕ್ಕಿನ ಮೇಲೆ ಒಂದು ಹೊತ್ತಿಗೆ ಒಂದೇ ಕೆಲಸ ಸಾಧ್ಯ: ಇಳಿಸಿಕೊಳ್ಳುವಾಗ ಏರಿಸಲಾಗದು, ಏರಿಸಲು ಸಾಲಾಗಿ ನಿಲ್ಲಿಸಿದರೆ ಇಳಿಸಿಕೊಳ್ಳಲಾಗದು. ವಿಮಾನವಾಹಕ ನೌಕೆಗಳ ಕಾಳಗವನ್ನು ತಿಳಿಯಬಯಸುವವರು ಈ ಒಂದು ಮಾತನ್ನು ನೆನಪಿಟ್ಟರೆ ಬಹಳಷ್ಟು ಬಿಡಿಸಿಕೊಳ್ಳುತ್ತದೆ. ಅಲ್ಲಿ ಸೇನಾನಿಯ ಕೈಯಲ್ಲಿ ಖರ್ಚಾಗುವುದು ಮದ್ದುಗುಂಡಿಗಿಂತ ಮೊದಲು ಡೆಕ್ಕಿನ ಸಮಯ.

ಆ ಸಮಯವನ್ನು ಕಸಿದುಕೊಂಡವರು ಅಮೆರಿಕದ ಟಾರ್ಪಿಡೊ ವಿಮಾನಗಳ ಮಂದಿ. ಮೂರು ನೌಕೆಗಳಿಂದ ಹೊರಟ 41 ನಿಧಾನಗತಿಯ ವಿಮಾನಗಳು ನೀರಿಗೆ ಹತ್ತಿರವಾಗಿ ಹಾರುತ್ತ, ಒಂದು ಗುಂಪಿನ ಹಿಂದೆ ಇನ್ನೊಂದರಂತೆ ಬಂದವು; ಒಂದು ಟಾರ್ಪಿಡೊ ಕೂಡ ಗುರಿ ಮುಟ್ಟಲಿಲ್ಲ, ಹಿಂದಿರುಗಿದ ವಿಮಾನಗಳು ಬೆರಳೆಣಿಕೆಯಷ್ಟು. ಹಾರ್ನೆಟ್ ನೌಕೆಯ ದಳದ 15 ವಿಮಾನಗಳ 30 ಜನರಲ್ಲಿ ಬದುಕುಳಿದವರು ಒಬ್ಬರೇ. ಆದರೆ ಆ ಒಂದು ಗಂಟೆಯುದ್ದಕ್ಕೂ ಜಪಾನಿನ ನೌಕೆಗಳು ಟಾರ್ಪಿಡೊ ತಪ್ಪಿಸಲು ಸುತ್ತುತ್ತಲೇ ಇರಬೇಕಾಯಿತು, ಡೆಕ್ಕು ಕಾವಲು ವಿಮಾನಗಳನ್ನು ಇಳಿಸಿ ಏರಿಸುವುದಕ್ಕೇ ಮೀಸಲಾಯಿತು. ಕಾವಲು ವಿಮಾನಗಳೂ ಕೆಳಮಟ್ಟದಲ್ಲಿ ಹೋರಾಟಕ್ಕೆ ಸಿಕ್ಕಿಕೊಂಡವು. ಸುಮಾರು ಹತ್ತೂಕಾಲಿನ ಹೊತ್ತಿಗೆ ಎಂಟರ್‌ಪ್ರೈಸ್ ಮತ್ತು ಯಾರ್ಕ್‌ಟೌನ್ ನೌಕೆಗಳ ಬಾಂಬರ್‌ಗಳು ಬೇರೆ ಬೇರೆ ದಿಕ್ಕಿನಿಂದ ಎತ್ತರದಲ್ಲಿ ಬಂದು ತಲುಪಿದಾಗ ಮೇಲೆ ತಡೆಯುವವರು ಇರಲಿಲ್ಲ. ಜಪಾನಿನ ಹಡಗುಗಳಲ್ಲಿ ರಾಡಾರ್ ಇರಲಿಲ್ಲ. ಎಂಟರ್‌ಪ್ರೈಸಿನ ದಳಪತಿ ಮೆಕ್‌ಕ್ಲಸ್ಕಿ ದಾರಿ ಕಾಣದೆ ಹುಡುಕುತ್ತಿದ್ದಾಗ ಒಂಟಿಯಾಗಿ ಧಾವಿಸುತ್ತಿದ್ದ ಜಪಾನಿನ ಅರಾಶಿ ಎಂಬ ಸಣ್ಣ ಯುದ್ಧನೌಕೆಯನ್ನು ಕಂಡು ಅದು ಹೋಗುವ ದಿಕ್ಕನ್ನೇ ಹಿಡಿದರು. ತಾವು ಅದೃಷ್ಟ ಎಂದದ್ದು ಇದನ್ನೇ ಇರಬೇಕು. ಕೆಲವೇ ನಿಮಿಷಗಳಲ್ಲಿ ಮೂರು ನೌಕೆಗಳು ಹೊತ್ತಿಕೊಂಡವು. ಅಕಾಗಿಗೆ ನೇರವಾಗಿ ತಗುಲಿದ ಬಾಂಬ್ ಒಂದೇ ಒಂದು. ಆದರೆ ಡೆಕ್ಕಿನ ಕೆಳಗಿನ ಹ್ಯಾಂಗರಿನಲ್ಲಿ ಇಂಧನ ತುಂಬಿದ ವಿಮಾನಗಳೂ, ಗಡಿಬಿಡಿಯಲ್ಲಿ ಉಗ್ರಾಣಕ್ಕೆ ಮರಳಿಸದೆ ಬಿಟ್ಟಿದ್ದ ಬಾಂಬುಗಳೂ ಇದ್ದವು.

ಜಪಾನಿನ ವಿಮಾನಗಳು ಡೆಕ್ಕಿನ ಮೇಲೆ ಸಾಲಾಗಿ ನಿಂತು ಇನ್ನೈದು ನಿಮಿಷದಲ್ಲಿ ಏರುವುದರಲ್ಲಿದ್ದವು ಎಂಬ ಕಥೆ ಬಹುಕಾಲ ನಡೆದುಬಂದಿತು. ಜಪಾನಿನ ದಾಖಲೆಗಳನ್ನು ಪರಿಶೀಲಿಸಿದವರು ಅದನ್ನು ಒಪ್ಪುವುದಿಲ್ಲ. ದಾಳಿಯ ವಿಮಾನಗಳು ಆಗ ಇನ್ನೂ ಹ್ಯಾಂಗರಿನಲ್ಲೇ ಇದ್ದವು, ಅವನ್ನು ಮೇಲಕ್ಕೆ ತಂದು ಸಿದ್ಧಗೊಳಿಸಲು ಮುಕ್ಕಾಲು ಗಂಟೆಯಾದರೂ ಬೇಕಿತ್ತು. ಸಂಜೆಯೊಳಗೆ ಹಿರ್ಯು ಕೂಡ ಪೆಟ್ಟು ತಿಂದಿತು. ಅದಕ್ಕೆ ಮುನ್ನ ಅದರ ವಿಮಾನಗಳು ಯಾರ್ಕ್‌ಟೌನನ್ನು ಹೊಡೆದಿದ್ದವು. ತೇಲುತ್ತಲೇ ಉಳಿದ ಆ ನೌಕೆಯನ್ನು ಎರಡು ದಿನಗಳ ನಂತರ ಜಪಾನಿನ ಜಲಾಂತರ್ಗಾಮಿಯೊಂದು ಟಾರ್ಪಿಡೊದಿಂದ ಮುಗಿಸಿತು.

ಪ್ರಶ್ನೆ: ಯುದ್ಧ ಕೊನೆಗೆ ತೀರ್ಮಾನವಾಗುವುದು ನೆಲದ ಮೇಲೆ. ಹಾಗಿರುವಾಗ ನೌಕಾಪಡೆಗೆ ಇಷ್ಟು ಹಣ ಸುರಿಯುವುದೇಕೆ? ಯುದ್ಧಕಾಲದಲ್ಲಿ ಅದು ಮಾಡುವ ಕೆಲಸವಾದರೂ ಏನು?

ಉತ್ತರ: ನೆಲದ ಮೇಲಿನ ಸೈನಿಕ ಉಣ್ಣುವ ಅನ್ನ, ಅವನ ಟ್ಯಾಂಕಿಗೆ ಬೇಕಾದ ಎಣ್ಣೆ, ಅವನ ಬಂದೂಕಿನ ಗುಂಡಿಗೆ ಬೇಕಾದ ಲೋಹ, ಇವುಗಳಲ್ಲಿ ಎಷ್ಟು ಹಡಗಿನಲ್ಲಿ ಬರುತ್ತವೆ ಎಂಬುದರ ಮೇಲೆ ಇದಕ್ಕೆ ಉತ್ತರವಿದೆ. ಸಮುದ್ರದಲ್ಲಿ ಗೆದ್ದು ಬೇಲಿ ಹಾಕಿಕೊಳ್ಳುವಂಥ ನೆಲವಿಲ್ಲ. ಇರುವುದು ದಾರಿಗಳು. ತನ್ನ ಸರಕು ಹಡಗುಗಳು ಆ ದಾರಿಯಲ್ಲಿ ಸುರಕ್ಷಿತವಾಗಿ ಹೋಗಿಬರುವಂತೆ, ಶತ್ರುವಿನವು ಹೋಗದಂತೆ ನೋಡಿಕೊಳ್ಳುವುದು ನೌಕಾಪಡೆಯ ಮುಖ್ಯ ಕೆಲಸ. ದೊಡ್ಡ ಕದನಗಳೆಲ್ಲ ಈ ಕೆಲಸಕ್ಕೆ ಅಡ್ಡಬಂದವರನ್ನು ತೆಗೆದುಹಾಕಲು ನಡೆದವೇ.

ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯ ಜಲಾಂತರ್ಗಾಮಿಗಳು ಅಟ್ಲಾಂಟಿಕ್ ಸಾಗರದಲ್ಲಿ ಹೂಡಿದ್ದು ಇಂಥ ಯುದ್ಧ. ಬ್ರಿಟನ್ ದ್ವೀಪರಾಷ್ಟ್ರ, ಆಹಾರವೂ ತೈಲವೂ ಸಾಗರ ದಾಟಿ ಬರಬೇಕು. ಸರಕು ಹಡಗುಗಳನ್ನು ನಲವತ್ತು ಐವತ್ತರ ಗುಂಪಾಗಿ, ಯುದ್ಧನೌಕೆಗಳ ಬೆಂಗಾವಲಿನಲ್ಲಿ ಕಳುಹಿಸುತ್ತಿದ್ದರು. ಹಡಗುಗಳು ಬಿಡಿಬಿಡಿಯಾಗಿ ಹೋದರೆ ಶತ್ರುವಿಗೆ ಸಿಗುವ ಸಂಭವ ಕಡಿಮೆ ಎಂದು ಮೇಲ್ನೋಟಕ್ಕೆ ಅನ್ನಿಸುತ್ತದೆ, ಆದರೆ ಲೆಕ್ಕ ತದ್ವಿರುದ್ಧವಾಗಿದೆ: ವಿಶಾಲ ಸಾಗರದಲ್ಲಿ ಐವತ್ತು ಹಡಗುಗಳ ಒಂದು ಗುಂಪನ್ನು ಹುಡುಕುವುದು ಒಂದು ಹಡಗನ್ನು ಹುಡುಕುವಷ್ಟೇ ಕಷ್ಟ, ಹುಡುಕಿ ಹತ್ತಿರ ಬಂದರೆ ಬೆಂಗಾವಲಿನವರು ಕಾದಿರುತ್ತಾರೆ. ಆದರೂ ಸಾಗರದ ನಡುಭಾಗಕ್ಕೆ ದಡದಿಂದ ವಿಮಾನಗಳು ತಲುಪದೆ ದೊಡ್ಡ ತೆರಪೊಂದು ಉಳಿದಿತ್ತು, ಹಡಗುಗಳು ಹೆಚ್ಚಾಗಿ ಮುಳುಗುತ್ತಿದ್ದದ್ದು ಅಲ್ಲೇ. ದೂರಗಾಮಿ ವಿಮಾನಗಳು, ಉತ್ತಮ ರಾಡಾರ್, ಗೂಢಲಿಪಿಯ ಭೇದನ, ಜೊತೆಗೆ ಬೆಂಗಾವಲಿಗೆಂದೇ ಕಟ್ಟಿದ ಪುಟ್ಟ ವಿಮಾನವಾಹಕ ನೌಕೆಗಳು ಸೇರಿ 1943ರ ವಸಂತದಲ್ಲಿ ಆ ತೆರಪನ್ನು ಮುಚ್ಚಿದವು. ಆ ಮೇ ತಿಂಗಳೊಂದರಲ್ಲೇ ಜರ್ಮನಿ 40ಕ್ಕೂ ಹೆಚ್ಚು ಜಲಾಂತರ್ಗಾಮಿಗಳನ್ನು ಕಳೆದುಕೊಂಡಿತು. ಅಡ್ಮಿರಲ್ ಡೋನಿಟ್ಸ್ ತಮ್ಮ ಪಡೆಯನ್ನು ಉತ್ತರ ಅಟ್ಲಾಂಟಿಕ್‌ನಿಂದ ಹಿಂದಕ್ಕೆ ಕರೆಸಿಕೊಂಡರು. ಹೆಸರು ಮಾಡಿದ ದೊಡ್ಡ ನೌಕೆಗಳ ಮುಂದೆ ಈ ಪುಟ್ಟ ನೌಕೆಗಳನ್ನು ಯಾರೂ ನೆನೆಯುವುದಿಲ್ಲ. ಗೋಧಿ ಸಾಗಿಸುವ ಹಡಗುಗಳ ನೆತ್ತಿಗೆ ಡೆಕ್ಕು ಹೊದಿಸಿ, ಕೆಳಗೆ ಧಾನ್ಯ, ಮೇಲೆ ಮೂರು ನಾಲ್ಕು ವಿಮಾನ ಎಂಬಂತೆ ಓಡಿಸಿದ್ದೂ ಉಂಟು.

ಶಾಂತಸಾಗರದಲ್ಲಿ ಇದೇ ಕಥೆ ತಿರುವುಮುರುವಾಯಿತು. ಅಲ್ಲಿ ದ್ವೀಪರಾಷ್ಟ್ರ ಜಪಾನ್, ಬೇಟೆಗಾರ ಅಮೆರಿಕ. ಅಮೆರಿಕದ ನೌಕಾಪಡೆಯ ಜನಬಲದಲ್ಲಿ ಶೇಕಡ 2ರಷ್ಟೂ ಇಲ್ಲದ ಜಲಾಂತರ್ಗಾಮಿ ವಿಭಾಗವು ಜಪಾನ್ ಕಳೆದುಕೊಂಡ ಸರಕು ಹಡಗುಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಮುಳುಗಿಸಿತು. ಬೆಂಗಾವಲಿನ ಏರ್ಪಾಡನ್ನು ಜಪಾನ್ ಬಹಳ ತಡವಾಗಿ, ಅರೆಮನಸ್ಸಿನಿಂದ ಮಾಡಿತು. ದೊಡ್ಡ ಕದನವೊಂದನ್ನು ಗೆದ್ದರೆ ಎಲ್ಲ ಸರಿಹೋಗುತ್ತದೆಂಬ ನಂಬಿಕೆ ಅದರ ಅಡ್ಮಿರಲ್‌ಗಳದು. ಕೊನೆಯ ವರ್ಷದಲ್ಲಿ ಹಡಗುಗಳಿಗೆ ಎಣ್ಣೆಯಿಲ್ಲ, ಹೊಸ ಪೈಲಟ್‌ಗಳಿಗೆ ಹಾರಾಟ ಕಲಿಸಲೂ ಎಣ್ಣೆ ಸಾಲದು ಎಂಬ ಸ್ಥಿತಿ ಬಂತು.

ಪ್ರಶ್ನೆ: ಮಂಜುಗಡ್ಡೆಯಿಂದ ವಿಮಾನವಾಹಕ ನೌಕೆ ಕಟ್ಟಲು ಹೊರಟಿದ್ದರಂತೆ. ಇದು ನಿಜವೋ ಕಟ್ಟುಕಥೆಯೋ?

ಉತ್ತರ: ನಿಜ. ಮೇಲೆ ಹೇಳಿದ ಅಟ್ಲಾಂಟಿಕ್ ತೆರಪನ್ನು ಮುಚ್ಚಲು ಜೆಫ್ರಿ ಪೈಕ್ ಎಂಬ ಬ್ರಿಟಿಷ್ ಸಂಶೋಧಕರು ಮುಂದಿಟ್ಟ ಯೋಜನೆ ಅದು. ನೀರಿಗೆ ಮರದ ತಿರುಳನ್ನು ಬೆರೆಸಿ ಗಡ್ಡೆಗಟ್ಟಿಸಿದರೆ ಸಿಗುವ ವಸ್ತು ಬರಿಯ ಮಂಜುಗಡ್ಡೆಗಿಂತ ಬಹಳ ಗಟ್ಟಿ, ಕರಗುವುದೂ ನಿಧಾನ. 1943ರಲ್ಲಿ ಕೆನಡಾದ ಪೆಟ್ರೀಷಿಯಾ ಸರೋವರದಲ್ಲಿ ಸಣ್ಣ ಮಾದರಿಯೊಂದನ್ನು ಕಟ್ಟಿ, ಶೈತ್ಯಯಂತ್ರದಿಂದ ತಂಪಾಗಿಟ್ಟು ಪರೀಕ್ಷಿಸಿದರು. ಅಷ್ಟರಲ್ಲಿ ಉಕ್ಕಿನ ಪುಟ್ಟ ನೌಕೆಗಳೂ ದೂರಗಾಮಿ ವಿಮಾನಗಳೂ ಬಂದುಬಿಟ್ಟವು. ಯೋಜನೆಯನ್ನು ಕೈಬಿಟ್ಟರು, ಮಾದರಿ ಸರೋವರದ ತಳ ಸೇರಿತು.

ಪ್ರಶ್ನೆ: 1971ರ ಯುದ್ಧದಲ್ಲಿ ಐಎನ್ಎಸ್ ವಿಕ್ರಾಂತ್ ನೌಕೆಯನ್ನು ಜಲಾಂತರ್ಗಾಮಿಯ ಭಯದಿಂದ ಅಡಗಿಸಿಟ್ಟಿದ್ದರು ಎನ್ನುತ್ತಾರೆ. ಹೌದೇ?

ಉತ್ತರ: ಅಡಗಿಸಿಟ್ಟದ್ದು ಹೌದು, ಆದರೆ ಭಯವೆಂಬ ಮಾತು ಅಷ್ಟು ಸರಿಯಲ್ಲ. ಅಂದು ಭಾರತದ ಬಳಿ ಇದ್ದ ವಿಮಾನವಾಹಕ ನೌಕೆ ಅದೊಂದೇ. ಅದರ ಬಾಯ್ಲರ್ ಒಂದರಲ್ಲಿ ಬಿರುಕು ಕಾಣಿಸಿದ್ದರಿಂದ ಪೂರ್ಣ ವೇಗದಲ್ಲಿ ಓಡಿಸುವಂತಿರಲಿಲ್ಲ. ಹಡಗಿನ ವೇಗಕ್ಕೂ ವಿಮಾನ ಏರುವುದಕ್ಕೂ ಇರುವ ನಂಟನ್ನು ಮೊದಲ ಉತ್ತರದಲ್ಲಿ ಹೇಳಿದೆ. ನಿಧಾನವಾಗಿ ಸಾಗುವ ಅಂಥ ನೌಕೆಯನ್ನು ಪಶ್ಚಿಮದಲ್ಲಿ ಬಿಡುವ ಬದಲು ಬಂಗಾಳ ಕೊಲ್ಲಿಗೆ ಕಳುಹಿಸಲಾಯಿತು. ಅದನ್ನು ಹುಡುಕಿಕೊಂಡು ಪಾಕಿಸ್ತಾನದ ಘಾಜಿ ಜಲಾಂತರ್ಗಾಮಿ ಶ್ರೀಲಂಕಾ ಸುತ್ತಿ ಬಂದಿತು. ವಿಕ್ರಾಂತ್ ಅಂಡಮಾನ್ ದ್ವೀಪಗಳ ಮರೆಯಲ್ಲಿದ್ದರೂ ವಿಶಾಖಪಟ್ಟಣದ ಸಮೀಪವೇ ಇದೆ ಎಂಬ ಭ್ರಮೆ ಹುಟ್ಟಿಸಲು ಐಎನ್ಎಸ್ ರಜಪೂತ್ ನೌಕೆಯಿಂದ ರೇಡಿಯೊ ಸಂದೇಶಗಳನ್ನು ಹೊರಡಿಸಲಾಯಿತು. ಡಿಸೆಂಬರ್ 3ರ ನಡುರಾತ್ರಿಯ ಹೊತ್ತಿಗೆ ಘಾಜಿ ವಿಶಾಖಪಟ್ಟಣದ ಹೊರಗೆ ಎಲ್ಲ ಸಿಬ್ಬಂದಿಯೊಂದಿಗೆ ಮುಳುಗಿತು. ರಜಪೂತ್ ಹಾಕಿದ ಸಿಡಿಗುಂಡುಗಳಿಂದ ಎಂಬುದು ಭಾರತದ ಹೇಳಿಕೆ; ಒಳಗಿನ ಸ್ಫೋಟದಿಂದ ಅಥವಾ ತಾನೇ ಇಟ್ಟ ಮೈನಿನಿಂದ ಎಂಬುದು ಪಾಕಿಸ್ತಾನದ ವಾದ.

ಡಿಸೆಂಬರ್ 4ರಿಂದ ವಿಕ್ರಾಂತ್‌ನ ಸೀ ಹಾಕ್ ಮತ್ತು ಅಲಿಜೆ ವಿಮಾನಗಳು ಕಾಕ್ಸ್ ಬಜಾರ್, ಚಿತ್ತಗಾಂಗ್ ಮೊದಲಾದ ಕಡೆ ವಿಮಾನ ನಿಲ್ದಾಣ, ಬಂದರು, ಹಡಗುಗಳ ಮೇಲೆ ಎರಗಿ ಪೂರ್ವ ಪಾಕಿಸ್ತಾನದಲ್ಲಿದ್ದ ಸೇನೆಗೆ ಸಮುದ್ರದ ದಾರಿಯನ್ನು ಮುಚ್ಚಿಬಿಟ್ಟವು. ಡಿಸೆಂಬರ್ 16ರಂದು ಢಾಕಾದಲ್ಲಿ ಶರಣಾದ ಸೇನೆಗೆ ಹಡಗು ಹತ್ತಿ ಪಾರಾಗುವ ಬಾಗಿಲು ಆಗಲೇ ಇರಲಿಲ್ಲ. ಇದರ ಇನ್ನೊಂದು ಮಗ್ಗುಲನ್ನೂ ಹೇಳಬೇಕು: ಡಿಸೆಂಬರ್ 9ರಂದು ಅರಬ್ಬಿ ಸಮುದ್ರದಲ್ಲಿ ಪಾಕಿಸ್ತಾನದ ಹಂಗೋರ್ ಜಲಾಂತರ್ಗಾಮಿ ಭಾರತದ ಯುದ್ಧನೌಕೆ ಐಎನ್ಎಸ್ ಖುಕ್ರಿಯನ್ನು ಮುಳುಗಿಸಿತು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ತಮ್ಮ ಹಡಗಿನೊಂದಿಗೇ ಹೋದರು. ಜಲಾಂತರ್ಗಾಮಿಯ ವಿಷಯದಲ್ಲಿ ವಹಿಸಿದ ಎಚ್ಚರವನ್ನು ಅಂಜಿಕೆ ಎನ್ನಲಾಗದು.

ಪ್ರಶ್ನೆ: ಕ್ಷಿಪಣಿ ಮತ್ತು ಡ್ರೋನ್‌ಗಳ ಈ ಕಾಲದಲ್ಲಿ ಇಷ್ಟು ದೊಡ್ಡ ಹಡಗು ಸುಲಭದ ಗುರಿಯಲ್ಲವೇ? ಬ್ಯಾಟಲ್‌ಶಿಪ್‌ಗೆ ಬಂದ ಗತಿ ಇದಕ್ಕೂ ಬರಲಾರದೇ?

ಉತ್ತರ: ಬರಬಹುದು, ಆದರೆ ದೊಡ್ಡದು ಎಂಬ ಒಂದೇ ಕಾರಣಕ್ಕೆ ಅಲ್ಲ. 30 ನಾಟ್ ವೇಗದ ನೌಕೆ ಅರ್ಧ ಗಂಟೆಯಲ್ಲಿ ಸುಮಾರು 28 ಕಿಲೋಮೀಟರ್ ದೂರ ಹೋಗಿರುತ್ತದೆ. ಉಪಗ್ರಹವೋ ಬೇಹು ವಿಮಾನವೋ ಅದನ್ನು ಕಂಡು, ಸುದ್ದಿ ಮುಟ್ಟಿಸಿ, ಕ್ಷಿಪಣಿ ಹಾರಿಸುವಷ್ಟರಲ್ಲಿ ಅರ್ಧ ಗಂಟೆ ಕಳೆದರೆ, ನೌಕೆ ಇರಬಹುದಾದ ಪ್ರದೇಶ 2,400 ಚದರ ಕಿಲೋಮೀಟರಿಗೆ ಹಿಗ್ಗಿರುತ್ತದೆ. ನೆಲದ ಮೇಲಿನ ವಿಮಾನ ನಿಲ್ದಾಣ ಎಲ್ಲಿದೆ ಎಂಬುದು ಭೂಪಟದಲ್ಲೇ ಇದೆ. ಚೀನಾ ಹಡಗುಗಳಿಗೆಂದೇ ದೂರಗಾಮಿ ಕ್ಷಿಪಣಿಗಳನ್ನು ಮಾಡಿಟ್ಟುಕೊಂಡಿರುವುದರಿಂದ ನಿಜವಾದ ಪೈಪೋಟಿ ಇರುವುದು ಈ ಅರ್ಧ ಗಂಟೆಯನ್ನು ಕೆಲವು ನಿಮಿಷಗಳಿಗೆ ಇಳಿಸುವುದರಲ್ಲಿ.

ವಿಮಾನವಾಹಕ ನೌಕೆ ಒಂಟಿಯಾಗಿಯೂ ಹೋಗುವುದಿಲ್ಲ. 1940ರ ಜೂನ್ 8ರಂದು ಬ್ರಿಟನ್ನಿನ ಗ್ಲೋರಿಯಸ್ ನೌಕೆ ಎರಡೇ ಬೆಂಗಾವಲು ಹಡಗುಗಳೊಂದಿಗೆ, ಕಾವಲಿಗೆ ಒಂದು ವಿಮಾನವನ್ನೂ ಹಾರಿಸದೆ ಸಾಗುತ್ತಿದ್ದಾಗ ಜರ್ಮನಿಯ ಎರಡು ಯುದ್ಧನೌಕೆಗಳ ಫಿರಂಗಿಗೆ ಸಿಕ್ಕಿ ಮುಳುಗಿತು. ಈಗ ಕ್ಷಿಪಣಿ ತಡೆಯುವ ಹಡಗುಗಳು, ಜಲಾಂತರ್ಗಾಮಿಯನ್ನು ಹುಡುಕುವ ಹೆಲಿಕಾಪ್ಟರ್‌ಗಳು, ನೀರಿನಡಿಯಲ್ಲಿ ಸಾಗುವ ತನ್ನದೇ ಜಲಾಂತರ್ಗಾಮಿ, ಎತ್ತರದಲ್ಲಿ ರಾಡಾರ್ ಹೊತ್ತ ವಿಮಾನ, ಇವೆಲ್ಲ ಸುತ್ತುವರಿದಿರುತ್ತವೆ. ಎಲ್ಲಕ್ಕಿಂತ ದೊಡ್ಡ ರಕ್ಷಣೆ ದೂರ. 1982ರ ಫಾಕ್‌ಲ್ಯಾಂಡ್ ಯುದ್ಧದಲ್ಲಿ ಬ್ರಿಟನ್ ತನ್ನ ಹರ್ಮಿಸ್ ಮತ್ತು ಇನ್ವಿನ್ಸಿಬಲ್ ನೌಕೆಗಳನ್ನು ಅರ್ಜೆಂಟೀನಾದ ವಿಮಾನಗಳಿಗೆ ಸಿಗದಂತೆ ದ್ವೀಪಗಳ ಪೂರ್ವಕ್ಕೆ ದೂರದಲ್ಲಿಟ್ಟಿತು. ಅದಕ್ಕೆ ತೆತ್ತ ಬೆಲೆಯೆಂದರೆ ಹ್ಯಾರಿಯರ್ ವಿಮಾನಗಳಿಗೆ ದ್ವೀಪದ ಮೇಲೆ ಕಾವಲು ಸುತ್ತಲು ಅಲ್ಪ ಸಮಯವಷ್ಟೇ ಉಳಿಯುತ್ತಿತ್ತು. ಆ ಬಿಡುವಿನಲ್ಲಿ ಹಲವು ಬ್ರಿಟಿಷ್ ಹಡಗುಗಳು ಬಾಂಬಿಗೆ ತುತ್ತಾದವು. ಅತ್ತ ಅರ್ಜೆಂಟೀನಾದ ವಿಮಾನವಾಹಕ ನೌಕೆ, ಮೇ 2ರಂದು ಬ್ರಿಟಿಷ್ ಜಲಾಂತರ್ಗಾಮಿಯೊಂದು ಜನರಲ್ ಬೆಲ್ಗ್ರಾನೊ ಎಂಬ ಕ್ರೂಸರ್ ಯುದ್ಧನೌಕೆಯನ್ನು ಮುಳುಗಿಸಿದ ಮೇಲೆ, ಬಂದರಿಗೆ ಮರಳಿ ಯುದ್ಧ ಮುಗಿಯುವ ತನಕ ಕದನಕ್ಕೆ ಬರಲಿಲ್ಲ. ನನಗೆ ಕ್ಷಿಪಣಿಗಿಂತ ಜಲಾಂತರ್ಗಾಮಿಯೇ ಹೆಚ್ಚು ಚಿಂತೆಯ ವಿಷಯವೆಂದು ತೋರುವುದು ಇದರಿಂದಲೇ. 2005ರ ಸಮರಾಭ್ಯಾಸದಲ್ಲಿ ಸ್ವೀಡನ್ನಿನ ಗೋಟ್‌ಲ್ಯಾಂಡ್ ಎಂಬ ಸಣ್ಣ ಡೀಸೆಲ್ ಜಲಾಂತರ್ಗಾಮಿ ಅಮೆರಿಕದ ರೊನಾಲ್ಡ್ ರೇಗನ್ ನೌಕೆಯ ಬೆಂಗಾವಲನ್ನು ದಾಟಿ ಗುರಿಯಿಡುವಷ್ಟು ಹತ್ತಿರ ಬಂದಿತ್ತು.

ಡ್ರೋನ್‌ಗಳ ಮಾತು ಬೇರೆ ರೀತಿಯದು. 2022ರ ಏಪ್ರಿಲ್ 14ರಂದು ರಷ್ಯಾದ ಮಾಸ್ಕ್ವಾ ಕ್ರೂಸರ್ ಯುಕ್ರೇನಿನ ಕ್ಷಿಪಣಿಗಳಿಂದ ಮುಳುಗಿದ ಬಳಿಕ, ಹೇಳಿಕೊಳ್ಳುವಂಥ ನೌಕಾಪಡೆಯೇ ಇಲ್ಲದ ಯುಕ್ರೇನ್ ಸಮುದ್ರದ ಡ್ರೋನ್‌ಗಳಿಂದ ರಷ್ಯಾದ ಹಡಗುಗಳನ್ನು ಕಪ್ಪು ಸಮುದ್ರದ ಪಶ್ಚಿಮ ಭಾಗದಿಂದ ಓಡಿಸಿತು. ಆದರೆ ಅದು ಸುತ್ತ ದಡವಿರುವ ಕಿರಿದಾದ ಕಡಲು. ಅಗ್ಗದ ಅಸ್ತ್ರಗಳು ಹಡಗನ್ನು ಮುಳುಗಿಸದೆಯೂ ದಣಿಸುತ್ತವೆ. 2024ರ ಡಿಸೆಂಬರಿನಲ್ಲಿ ಕೆಂಪು ಸಮುದ್ರದಲ್ಲಿ ಡ್ರೋನ್ ಮತ್ತು ಕ್ಷಿಪಣಿ ದಾಳಿಗಳನ್ನು ಎದುರಿಸುತ್ತಿದ್ದ ಅಮೆರಿಕದ ಗೆಟ್ಟಿಸ್‌ಬರ್ಗ್ ಕ್ರೂಸರ್ ತಾನು ಕಾಯುತ್ತಿದ್ದ ನೌಕೆಯಿಂದ ಹಾರಿದ ಯುದ್ಧವಿಮಾನವನ್ನೇ ತಪ್ಪಾಗಿ ಹೊಡೆದುರುಳಿಸಿತು, ಪೈಲಟ್‌ಗಳಿಬ್ಬರೂ ಬದುಕಿಕೊಂಡರು.

ಪ್ರಶ್ನೆ: ಚಿತ್ರಗಳಲ್ಲಿ ಡೆಕ್ಕಿನ ಮೇಲಿರುವವರು ಹಳದಿ, ಕೆಂಪು, ನೇರಳೆ ಅಂಗಿ ತೊಟ್ಟಿರುತ್ತಾರೆ. ಅದಕ್ಕೇನಾದರೂ ಅರ್ಥವಿದೆಯೇ?

ಉತ್ತರ: ಇದೆ. ಎಂಜಿನ್ನುಗಳ ಅಬ್ಬರದಲ್ಲಿ ಮಾತು ಕೇಳಿಸದು. ಯಾರು ಯಾವ ಕೆಲಸದವರೆಂದು ಬಣ್ಣದಿಂದಲೇ ತಿಳಿಯಬೇಕು. ಅಮೆರಿಕದ ನೌಕೆಗಳಲ್ಲಿ ಹಳದಿಯವರು ವಿಮಾನಗಳ ಓಡಾಟಕ್ಕೆ ಸನ್ನೆ ಮಾಡುವವರು, ನೇರಳೆಯವರು ಇಂಧನ ತುಂಬುವವರು, ಕೆಂಪಿನವರು ಬಾಂಬು ಕ್ಷಿಪಣಿಗಳ ಹೊಣೆಯವರು, ಹಸಿರಿನವರು ಕವಣೆ ಮತ್ತು ತಡೆಹಗ್ಗ ನೋಡಿಕೊಳ್ಳುವವರು. ಉಳಿದ ದೇಶಗಳ ನೌಕೆಗಳಲ್ಲೂ ಅಲ್ಪಸ್ವಲ್ಪ ವ್ಯತ್ಯಾಸದೊಂದಿಗೆ ಇದೇ ಪದ್ಧತಿಯಿದೆ. ದಿನಕ್ಕೊಮ್ಮೆಯಾದರೂ, ಹಾರಾಟ ಆರಂಭವಾಗುವ ಮುನ್ನ, ಎಲ್ಲ ಬಣ್ಣದವರೂ ಡೆಕ್ಕಿನ ಅಗಲಕ್ಕೆ ಭುಜಕ್ಕೆ ಭುಜ ತಾಗಿಸಿ ಸಾಲಾಗಿ ನಿಂತು, ತಲೆ ತಗ್ಗಿಸಿ, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನಿಧಾನವಾಗಿ ನಡೆಯುತ್ತಾರೆ. ಬಿದ್ದ ತಿರುಪು, ತಂತಿಯ ಚೂರು, ಕಿತ್ತುಬಂದ ಬಣ್ಣದ ಹಕ್ಕಳೆ, ಏನು ಕಂಡರೂ ಬಗ್ಗಿ ಹೆಕ್ಕಿ ಜೇಬಿಗೆ ಹಾಕಿಕೊಳ್ಳುತ್ತಾರೆ. ಒಂದು ತಿರುಪು ಜೆಟ್ ಎಂಜಿನ್ನಿನೊಳಗೆ ಸೆಳೆದುಹೋದರೆ ಎಂಜಿನ್ ಹಾಳು. ಆ ಸಾಲಿನಲ್ಲಿ ಪೈಲಟ್‌ಗಳೂ ಇರುತ್ತಾರೆ.